ಅಂದಂದಿನ ಪಾಡು, ಅಂದಂದಿನ ಭರವಸೆ: ಬಲ್ಮಠ ಗುಡ್ಡದ ದೇವಜ್ಞಾನ ಶಾಲೆ

ಸ್ಮರಣ ಸಂಚಿಕೆ ಎಂದರೆ ಗಣ್ಯರ ಸಂದೇಶ, ಪ್ರಾಂಶುಪಾಲರ ಸಾಲು ಭಾವಚಿತ್ರ, ಕಟ್ಟಡಗಳ ಶಂಕುಸ್ಥಾಪನೆಯ ಕಲ್ಲುಬರಹ, ಕೊನೆಗೆ ಜಾಹೀರಾತು. ಇವುಗಳ ನಡುವೆ ಇತಿಹಾಸದ ಲೇಖನವೊಂದಕ್ಕೂ ಜಾಗ ಬಿಟ್ಟಿರುತ್ತಾರೆ. ಅದರಲ್ಲಿ ಸಾಮಾನ್ಯವಾಗಿ ಸಾಧನೆಗಳು ಬರುತ್ತವೆ. ಅಕ್ಕಿ ಮುಗಿದ ದಿನ, ಪಾಠ ಹೇಳುವವರಿಲ್ಲದ ವರ್ಷ, ಅರ್ಧಕ್ಕೆ ಬಿಟ್ಟುಹೋದ ವಿದ್ಯಾರ್ಥಿ ಬರುವುದಿಲ್ಲ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಂಥ ಸಣ್ಣ ಸಂಸ್ಥೆಯ ಮಟ್ಟಿಗೆ ಈ ಪದ್ಧತಿ ಹೊಂದುವುದಿಲ್ಲ. ಇದು ಸಾವಿರಾರು ಮಂದಿ ಓದುವ ಕಾಲೇಜಲ್ಲ. ಬಲ್ಮಠದ ರಸ್ತೆಯಲ್ಲಿ ದಿನಾ ಓಡಾಡುವ ಮಂಗಳೂರಿನವರಲ್ಲೇ ಅನೇಕರಿಗೆ ಇಲ್ಲಿ ಹೀಗೊಂದು ಕಾಲೇಜಿದೆ ಎಂಬುದು ಗೊತ್ತಿರಲಾರದು. ಆದರೂ 1847ರಲ್ಲಿ ಶುರುವಾದದ್ದು 2022ಕ್ಕೆ ನೂರ ಎಪ್ಪತ್ತೈದು ವರ್ಷ ದಾಟಿತು. ಎರಡು ಮಹಾಯುದ್ಧಗಳಲ್ಲಿ ಇದರ ಒಡೆಯರನ್ನೇ ದೇಶದಿಂದ ಹೊರಗಟ್ಟಿದ್ದರು ಅಥವಾ ಶಿಬಿರಕ್ಕೆ ಹಾಕಿದ್ದರು. ದೊಡ್ಡ ಇಡುಗಂಟು ಇದಕ್ಕೆ ಎಂದೂ ಇರಲಿಲ್ಲ. ಹಾಗಿದ್ದೂ ಇದು ಉಳಿದದ್ದು ಹೇಗೆ ಎಂದು ಕೇಳಿದರೆ ಸಭೆಯ ಹಿರಿಯರು 'ದೇವರು ನಡೆಸಿದರು' ಅನ್ನುತ್ತಾರೆ. ನಾನು ಆ ಮಾತನ್ನು ಅಲ್ಲಗಳೆಯುವವನಲ್ಲ. ಆದರೆ ಆ ನಡೆಸುವಿಕೆ ಯಾವ ದಾರಿಯಲ್ಲಿ, ಯಾರ ಕೈಯಿಂದ, ಎಷ್ಟು ತ್ರಾಸಿನಿಂದ ಬಂತು ಎಂದು ಬರೆದಿಡುವುದು ಇತಿಹಾಸ ಬರೆಯುವವನ ಕೆಲಸ.

ಮೊದಲು ಗುಡ್ಡದ ವಿಷಯ. 1833ರ ಚಾರ್ಟರ್ ಕಾಯ್ದೆ ಬ್ರಿಟಿಷರಲ್ಲದ ಮಿಶನರಿಗಳಿಗೂ ಹಿಂದೂಸ್ಥಾನದ ಬಾಗಿಲು ತೆರೆಯಿತು. ಮರುವರ್ಷವೇ, 1834ರ ಅಕ್ಟೋಬರ್ ಕೊನೆಗೆ, ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ ಕಳಿಸಿದ ಸ್ಯಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಇಳಿದರು. ಅವರಿಗೆ ಊರು ಹೊಸತು, ತುಳುವೂ ಕನ್ನಡವೂ ಕೊಂಕಣಿಯೂ ಹೊಸತು. ಆರು ವರ್ಷಗಳ ಬಳಿಕ, 1840ರಲ್ಲಿ, ಈ ಜಿಲ್ಲೆಯಲ್ಲಿ ಹಿಂದೆ ಕಲೆಕ್ಟರಾಗಿದ್ದ ಬ್ಲೇರ್ ಎಂಬವರು ಬಲ್ಮಠ ಗುಡ್ಡದ ತಮ್ಮ ಆಸ್ತಿಯನ್ನು ಮಿಶನ್ನಿಗೆ ದಾನ ಕೊಟ್ಟರು. ಕೇಳಿ ಪಡೆದದ್ದಕ್ಕಿಂತ ಕೇಳದೆ ಬಂದದ್ದೇ ಮುಂದೆ ಈ ಸಂಸ್ಥೆಯ ನೆಲೆಯಾಯಿತು ಎಂಬುದನ್ನು ನಮ್ಮ ಹಿರಿಯರು ಪ್ರಾರ್ಥನೆಗಳಲ್ಲಿ ನೆನೆಯುವುದುಂಟು. ನೆನೆಯಲಿ. ಆದರೆ ಜಾಗ ಸಿಕ್ಕಿದ ಮಾತ್ರಕ್ಕೆ ಶಾಲೆ ನಡೆಯುವುದಿಲ್ಲ. ಮಳೆಗಾಲ ಜೂನ್‌ನಲ್ಲಿ ಹಿಡಿದರೆ ತಿಂಗಳುಗಟ್ಟಲೆ ಬಿಡದ ಈ ಕರಾವಳಿಯಲ್ಲಿ ಮಾಡು ಸೋರದಂತೆ ನೋಡಿಕೊಳ್ಳುವುದೇ ವರ್ಷದ ಅರ್ಧ ಕೆಲಸ.

ಆ ಗುಡ್ಡದಲ್ಲಿ ಹುಡುಗರನ್ನು ಕೂಡಿಸಿಕೊಂಡು ಕುಳಿತವರು ಹರ್ಮನ್ ಮೋಗ್ಲಿಂಗ್. ಟ್ಯೂಬಿಂಗೆನ್ನಿನಲ್ಲಿ ಓದಿ 1836ರಲ್ಲಿ ಇಲ್ಲಿಗೆ ಬಂದ ಈ ಮನುಷ್ಯ ಒಂದು ಕಡೆ ನಿಲ್ಲುವ ಪೈಕಿಯಲ್ಲ. 1843ರ ಜುಲೈ 1ರಂದು ಅವರು ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ ಎಂದು ಶಾಲೆಯ ಮಕ್ಕಳಿಗೂ ಗೊತ್ತು. ಅದು ಕಲ್ಲಚ್ಚಿನಲ್ಲಿ ಮುದ್ರಣಗೊಂಡು ಒಂದು ದುಡ್ಡಿಗೆ ಮಾರಾಟವಾಗುತ್ತಿತ್ತು. ವರ್ಷ ತುಂಬುವ ಮೊದಲೇ ಬಳ್ಳಾರಿಗೆ ಹೋಯಿತು. ಇದೇ ಮೋಗ್ಲಿಂಗ್ ಹುಡುಗರ ಜತೆಗೇ ವಾಸವಿದ್ದು, ಸರಳವಾಗಿ ಬದುಕುತ್ತ ಕಲಿಸಬೇಕು ಎಂದು ಹಟ ಹಿಡಿದಿದ್ದರು. ಪತ್ರಿಕೆಯ ಸಂಪಾದಕರಾಗಿ ಅವರ ಹೆಸರನ್ನು ನಾಡು ನೆನೆಯುತ್ತದೆ. ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡದು, ಬೋಧಕ ಮತ್ತು ವಿದ್ಯಾರ್ಥಿ ಒಂದೇ ಸೂರಿನಡಿ ಬಾಳುವ ಕ್ರಮವನ್ನು ಅವರು ಇಲ್ಲಿ ಹಾಕಿಕೊಟ್ಟದ್ದು. ವಸತಿಯೇ ಪಾಠದ ಒಂದು ಭಾಗ ಎಂಬ ನಂಬಿಕೆ ಇಂದಿಗೂ ಈ ಕ್ಯಾಂಪಸ್ಸಿನಲ್ಲಿದೆ.

1844ರ ಜನವರಿ 6ರಂದು ನಡೆದ ಸಂಗತಿ ಊರನ್ನೇ ಅಲುಗಿಸಿತು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣನೂ ಅವನ ಇಬ್ಬರು ಜತೆಗಾರರೂ ದೀಕ್ಷಾಸ್ನಾನ ಪಡೆದರು. ಗದ್ದಲವೆದ್ದಿತು. ಮನೆ, ಮಡದಿ, ಬಂಧು, ಜಾತಿ ಎಲ್ಲವೂ ಒಂದೇ ಏಟಿಗೆ ಆತನ ಕೈಬಿಟ್ಟವು. ದೀಕ್ಷೆಯಲ್ಲಿ ಆತ ಗುರುವಿನ ಹೆಸರು ಸೇರಿಸಿಕೊಂಡು ಹರ್ಮನ್ ಆನಂದರಾವ್ ಆದ. ಈ ಘಟನೆಯನ್ನು ಮಿಶನ್ನಿನ ಹಳೆಯ ಬರಹಗಳು ಜಯಭೇರಿಯ ಧಾಟಿಯಲ್ಲಿ ಹೇಳುತ್ತವೆ. ನನಗೆ ಆ ಧಾಟಿ ಒಗ್ಗುವುದಿಲ್ಲ. ಮನೆಯವರ ಕಡೆಯ ನೋವು ಅದರಲ್ಲಿ ಕಾಣುವುದೇ ಇಲ್ಲ. ಹತ್ತೊಂಬತ್ತರ ಆಸುಪಾಸಿನ ಹುಡುಗನೊಬ್ಬ ಮರುದಿನ ಬೆಳಿಗ್ಗೆ ಎದ್ದು ಯಾರ ಮನೆಯ ಗಂಜಿಗೆ ಕಾಯಬೇಕು ಎಂಬುದೂ ಕಾಣುವುದಿಲ್ಲ. ಭರವಸೆ ಎಂಬುದಕ್ಕೆ ಇಲ್ಲಿ ತತ್ವದ ಭಾರವೇನೂ ಇಲ್ಲ. ಹಿಂದೆ ಹೋಗುವ ದಾರಿ ಮುಚ್ಚಿದೆ, ಮುಂದಿನ ದಾರಿ ಕಾಣುತ್ತಿಲ್ಲ, ಅಷ್ಟೇ.

1846ರಲ್ಲಿ ಕೌಂಡಿನ್ಯ ಮೋಗ್ಲಿಂಗರ ಜತೆ ಯೂರೋಪಿಗೆ ಹೋಗಿ ಬಾಸೆಲ್ಲಿನ ಮಿಶನ್ ಸೆಮಿನರಿಯಲ್ಲಿ ಓದಲು ನಿಂತರು. ಮೋಗ್ಲಿಂಗ್ ಹಿಂತಿರುಗಿ 1847ರಲ್ಲಿ ಬಲ್ಮಠದಲ್ಲಿ ಉಪದೇಶಿಗಳನ್ನು ತರಬೇತುಗೊಳಿಸುವ ಶಾಲೆ, ಅಂದರೆ ಸೆಮಿನರಿ, ತೆರೆದರು. ಕಾಲೇಜು ತನ್ನ ಹುಟ್ಟನ್ನು ಎಣಿಸುವುದು ಈ ವರ್ಷದಿಂದ. 1851ರಲ್ಲಿ ಪಾದ್ರಿದೀಕ್ಷೆ ಪಡೆದ ಮಿಶನರಿಯಾಗಿ ಮರಳಿದ ಕೌಂಡಿನ್ಯರು ಅದೇ ಶಾಲೆಯಲ್ಲಿ ಬೋಧಕರಾದರು. ಬಿಳಿಯರೇ ಎಲ್ಲವನ್ನೂ ನಡೆಸುತ್ತಿದ್ದ ಕಾಲದಲ್ಲಿ ಮಂಗಳೂರಿನವನೇ ಒಬ್ಬ ಅವರ ಸಮಕ್ಕೆ ಕುಳಿತು ಪಾಠ ಹೇಳಿದ್ದು ಸಣ್ಣ ಸಂಗತಿಯಲ್ಲ. ಮುಂದೆ ಅವರು ಕೊಡಗಿನಲ್ಲಿ ಆನಂದಪುರವನ್ನು ಕಟ್ಟಿ, ನೆಲವಿಲ್ಲದ ಕೂಲಿಯವರಿಗೆ ನೆಲೆ ಮಾಡಿದರು. 1893ರಲ್ಲಿ ತೀರಿಕೊಂಡರು.

ಈ ಶಾಲೆಗೆ ಹಣ ಎಲ್ಲಿಂದ ಬರುತ್ತಿತ್ತು? ಬಾಸೆಲ್ ಎಂದಾಕ್ಷಣ ನಮ್ಮವರಿಗೆ ಸಿರಿವಂತ ಬ್ಯಾಂಕುಗಳು ಕಣ್ಣಿಗೆ ಕಟ್ಟುತ್ತವೆ. ಮಿಶನ್ನಿನ ಹಿಂದೆ ಬಾಸೆಲ್ಲಿನ ವರ್ತಕ ಕುಟುಂಬಗಳು ಇದ್ದದ್ದು ನಿಜ. ಆದರೆ ಮಿಶನರಿಗಳಾಗಿ ಬಂದವರು ಬಹುಪಾಲು ವ್ಯೂರ್ಟೆಂಬರ್ಗಿನ ಹಳ್ಳಿಗಳ ರೈತರ, ಕೈಕಸುಬಿನವರ ಮಕ್ಕಳು. ಕೊಟ್ಟವರಲ್ಲಿ ಬಹಳಷ್ಟು ಮಂದಿಯೂ ಅಂಥವರೇ. 1855ರಲ್ಲಿ ಕಾರ್ಲ್ ಸರಾಸಿನ್ ಎಂಬ ಬಾಸೆಲ್ಲಿನ ಉದ್ಯಮಿ ಒಂದು ಸರಳ ಏರ್ಪಾಟು ಮಾಡಿದರು. ಮನೆಮನೆಯವರು ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಅಲ್ಲಿನ ಅತಿ ಚಿಕ್ಕ ನಾಣ್ಯಗಳಲ್ಲೊಂದನ್ನು, ಮಿಶನ್ನಿಗೆಂದು ತೆಗೆದಿಡಬೇಕು. ಸ್ವಯಂಸೇವಕರು ಬಂದು ಸಂಗ್ರಹಿಸುತ್ತಾರೆ. ವಿಧವೆಯರು, ಮನೆಗೆಲಸದ ಹೆಂಗಸರು ಕೊಟ್ಟ ಆ ಚಿಲ್ಲರೆ ಕಡಲು ದಾಟಿ ಬಂತು. ಇತ್ತ ಕನ್ನಡ ಸಭೆಗಳಲ್ಲಿ ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ಬೇರೆ ತೆಗೆದಿಡುವ ಹಿಡಿಯಕ್ಕಿಯ ಪದ್ಧತಿಯೂ, ಸುಗ್ಗಿ ಹಬ್ಬದಂದು ತೆಂಗಿನಕಾಯಿ, ಬಾಳೆಗೊನೆ, ಹುಂಜಗಳನ್ನು ದೇವಾಲಯದ ಅಂಗಳದಲ್ಲಿ ಏಲಂ ಹಾಕುವ ಸಡಗರವೂ ಬೆಳೆದವು. ಆ ಏಲಂನಲ್ಲಿ ಒಂದು ಕುಂಬಳಕಾಯಿಗೆ ಅದರ ಹತ್ತು ಪಟ್ಟು ಬೆಲೆ ಕೂಗುವವರನ್ನು ನೋಡದವರು ನಮ್ಮಲ್ಲಿ ಯಾರಿದ್ದಾರೆ! ಸಭೆಗಳ ಕಾಣಿಕೆ ಸಂಸ್ಥೆಗಳನ್ನು ಸಾಕಿದ್ದು ಹೀಗೆ. ಸತ್ಯವೇದದ ಮನ್ನದ ಕತೆ ಬಲ್ಲವರಿಗೆ ಇದು ಹೊಸದಲ್ಲ: ಅಂದಿನದು ಅಂದಿಗೆ ಸಿಗುತ್ತದೆ, ನಾಳೆಗೆಂದು ಕೂಡಿಟ್ಟರೆ ಹುಳ ಬೀಳುತ್ತದೆ. ಸಂಸ್ಥೆಯ ಖಜಾಂಚಿಗೆ ಮಾತ್ರ ಈ ಕತೆ ಅಷ್ಟು ಇಷ್ಟವಾಗಲಾರದು; ಅವನಿಗೆ ನಾಳೆಯದೇ ಚಿಂತೆ.

ಆದರೆ ಬರೀ ಕಾಣಿಕೆಯಿಂದ ಬದುಕು ಸಾಗದು ಎಂಬುದು ಮಿಶನ್ನಿಗೆ ಬೇಗ ಅರ್ಥವಾಯಿತು. ಕರಾವಳಿಯಲ್ಲಿ ಸಭೆಗೆ ಸೇರಿದವರಲ್ಲಿ ಬಿಲ್ಲವರೇ ಹೆಚ್ಚು. ಕಳ್ಳು ಇಳಿಸುವ ಕಸುಬನ್ನು ಬಿಡಬೇಕು ಎಂಬುದು ಮಿಶನ್ನಿನ ಕಟ್ಟಳೆ. ಕಸುಬು ಬಿಟ್ಟರೆ ಊಟ ಎಲ್ಲಿ? ಒಕ್ಕಲು ಮಾಡುತ್ತಿದ್ದ ಗದ್ದೆಯಿಂದ ಧಣಿ ಎಬ್ಬಿಸಿದರೆ ಹೋಗುವುದೆಲ್ಲಿಗೆ? 'ದೇವರನ್ನು ನಂಬು' ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಹಾಗೆ ಮಾಡಲಿಲ್ಲ. 1851ರಲ್ಲಿ ಹ್ಯಾಲರ್ ಎಂಬ ನೇಕಾರ ಬಂದು ಬಲ್ಮಠದಲ್ಲಿ ಮಗ್ಗಗಳನ್ನು ಹೂಡಿದರು. ಖಾಕಿ ಬಣ್ಣದ ಬಟ್ಟೆಯ ಹುಟ್ಟು ಇಲ್ಲಿಯದೇ ಎಂದು ಊರವರು ಹೆಮ್ಮೆ ಪಡುತ್ತಾರೆ. 1865ರಲ್ಲಿ ಪ್ಲೆಬ್ಸ್ಟ್ ಎಂಬ ಮಿಶನರಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹಂಚು ಎಂಬ ಹೆಸರು ಲೋಕವೆಲ್ಲ ಹರಡಿದ್ದು ಆ ನೇತ್ರಾವತಿಯ ಜೇಡಿಮಣ್ಣಿನಿಂದ. ಕಾರ್ಖಾನೆಯ ಗಂಟೆಗೆ ಕೆಲಸ, ಭಾನುವಾರ ಆರಾಧನೆ, ಮಗ ಚೆನ್ನಾಗಿ ಓದಿದರೆ ಸೆಮಿನರಿ. ಈ ವ್ಯವಸ್ಥೆಯನ್ನು ಟೀಕಿಸುವವರು ಇದ್ದಾರೆ, ಟೀಕೆಯಲ್ಲಿ ಹುರುಳೂ ಇದೆ. ಅನ್ನದಾತನೂ ಗುರುವೂ ಒಬ್ಬನೇ ಆದರೆ ಶಿಷ್ಯ ತಲೆಯೆತ್ತಿ ಪ್ರಶ್ನೆ ಕೇಳುವುದು ಕಷ್ಟ. ಸೆಮಿನರಿಯಿಂದ ಹೊರಬಂದ ದೇಶೀಯ ಉಪದೇಶಿಗೆ ಮಿಶನರಿಯ ಸಂಬಳವೂ ಇರಲಿಲ್ಲ, ಮಾತಿನ ತೂಕವೂ ಇರಲಿಲ್ಲ. ಆದರೆ ಪ್ರಾರ್ಥನೆಯ ಜತೆಗೆ ಮಗ್ಗವನ್ನೂ ಇಡಬೇಕು ಎಂಬ ಬುದ್ಧಿ ಇಲ್ಲದಿದ್ದರೆ ಸೆಮಿನರಿಗೆ ವಿದ್ಯಾರ್ಥಿಗಳನ್ನು ಕೊಡುವ ಸಭೆಯೇ ಉಳಿಯುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಗುಡ್ಡದ ಮೇಲಿನ ಜಗಳಗಳನ್ನೂ ಹೇಳಬೇಕು. ಬಾಸೆಲ್ ಮಿಶನ್ನಿನ ಮುಖ್ಯಸ್ಥರಾದ ಜೋಸೆನ್‌ಹಾನ್ಸ್ 1851-52ರಲ್ಲಿ ಭಾರತಕ್ಕೆ ಬಂದು ಎಲ್ಲ ಠಾಣೆಗಳನ್ನೂ ಪರೀಕ್ಷಿಸಿದರು. ಅವರು ನಿಯಮದ ಮನುಷ್ಯ. ಲೆಕ್ಕ, ವರದಿ, ಅಧಿಕಾರದ ಮೆಟ್ಟಿಲು ಎಲ್ಲ ಖಡಕ್ಕಾಗಿರಬೇಕು. ಮೋಗ್ಲಿಂಗ್ ಅದಕ್ಕೆ ತದ್ವಿರುದ್ಧ. ಅದಾದ ಸ್ವಲ್ಪದರಲ್ಲೇ ಮೋಗ್ಲಿಂಗ್ ಮಂಗಳೂರು ಬಿಟ್ಟು ಕೊಡಗಿಗೆ ನಡೆದರು. ನಮ್ಮ ಭಾಷಣಗಳಲ್ಲಿ ಮೋಗ್ಲಿಂಗರಿಗೆ ಮಾಲೆ, ಜೋಸೆನ್‌ಹಾನ್ಸ್‌ಗೆ ಮೌನ. ಸಂಸ್ಥೆಯ ಕಣ್ಣಿನಿಂದ ನೋಡಿದರೆ ಇದು ಪೂರ್ತಿ ನ್ಯಾಯವಲ್ಲ. ಶಾಲೆ ಹುಟ್ಟಿಸಲು ಮೋಗ್ಲಿಂಗ್ ಬೇಕಿತ್ತು. ಅವರು ಹೊರಟುಹೋದ ಮೇಲೂ ಮರುದಿನ ಬೆಳಿಗ್ಗೆ ಗಂಟೆ ಹೊಡೆದು ಪಾಠ ನಡೆಯಬೇಕಾದರೆ ಜೋಸೆನ್‌ಹಾನ್ಸರ ಕಟ್ಟುನಿಟ್ಟು ಬೇಕಿತ್ತು.

ಜಗಳಗಳ ಜತೆಗೆ ಸಾವುನೋವುಗಳೂ ಇದ್ದವು. ಮೋಗ್ಲಿಂಗರ ಸಂಬಂಧಿಕರೂ ಕನ್ನಡ ಬೈಬಲ್ ಅನುವಾದದ ಪರಿಷ್ಕರಣೆಯಲ್ಲಿ ಮುಳುಗಿದವರೂ ಆದ ಗಾಟ್‌ಫ್ರೀಡ್ ವೈಗ್ಲೆ 1855ರಲ್ಲಿ ತೀರಿಕೊಂಡರು. ನಲವತ್ತು ತುಂಬಿರಲಿಲ್ಲ. ಕೈಬರಹಗಳು ಮೇಜಿನ ಮೇಲೆ ಉಳಿದವು, ಹೆಂಡತಿ ಮಕ್ಕಳು ಪರದೇಶದಲ್ಲಿ ಉಳಿದರು. ಆ ವಿಧವೆ ಪೌಲೀನಾರನ್ನು ಮೋಗ್ಲಿಂಗ್ ಮದುವೆಯಾಗಿ ಮಕ್ಕಳಿಗೂ ತಂದೆಯಾದರು. ಪರಿಷ್ಕರಣೆಯ ಕೆಲಸವನ್ನು ಬೇರೆಯವರು ಎತ್ತಿಕೊಂಡರು. ಆ ಕಾಲದ ಕರಾವಳಿಯಲ್ಲಿ ಜ್ವರ, ಆಮಶಂಕೆ, ಕಾಲರಾ ಯಾರನ್ನು ಯಾವಾಗ ಒಯ್ಯುತ್ತವೋ ತಿಳಿಯುತ್ತಿರಲಿಲ್ಲ. 1869ರ ಸುಮಾರಿಗೆ ಸೆಮಿನರಿಯಲ್ಲಿ ಪಾಠ ಹೇಳಲು ಬಂದ ಯೊಹಾನೆಸ್ ಹೆಸ್ಸೆ ಆರೋಗ್ಯ ಕೆಟ್ಟು 1873ರಲ್ಲಿ ಹಿಂದಿರುಗಬೇಕಾಯಿತು. ಯೂರೋಪಿಗೆ ಮರಳಿದ ಮೇಲೆ ಅವರು ಮಲಯಾಳಂ ವಿದ್ವಾಂಸ ಹರ್ಮನ್ ಗುಂಡರ್ಟರ ಮಗಳು ಮಾರಿಯನ್ನು ಮದುವೆಯಾದರು. ಅವರ ಮಗನೇ 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ. ಮಂಗಳೂರಿನ ಹವೆ ಹೆಸ್ಸೆಯವರ ತಂದೆಗೆ ಒಗ್ಗಿದ್ದರೆ ಆ ಕಾದಂಬರಿ ಹುಟ್ಟುತ್ತಿತ್ತೋ ಇಲ್ಲವೋ ಎಂದು ನಮ್ಮ ಗ್ರಂಥಾಲಯದಲ್ಲಿ ಕುಳಿತು ಹರಟುವವರುಂಟು. ನಿರೀಕ್ಷೆಯಿಟ್ಟು ಕರೆಸಿಕೊಂಡ ಮೇಷ್ಟರು ನಾಲ್ಕು ವರ್ಷಕ್ಕೇ ಎದ್ದುಹೋದರೆ ವಿದ್ಯಾರ್ಥಿಗಳ ಪಾಡೇನು ಎಂಬುದು ನನ್ನ ಪ್ರಶ್ನೆ. ಯಾರೋ ಒಬ್ಬರು ಆ ಪಾಠವನ್ನು ಮುಂದುವರಿಸಿದರು. ಈ ಸಂಸ್ಥೆಯ ಕತೆಯಲ್ಲಿ ಆ 'ಯಾರೋ ಒಬ್ಬರು' ಎಲ್ಲ ಕಾಲದಲ್ಲೂ ಇದ್ದಾರೆ.

ಕನ್ನಡ ನಿಘಂಟಿನ ಕಿಟೆಲ್ಲರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ, ಬರೆದವರು ಬಹಳ. ಒಂದನ್ನು ಮಾತ್ರ ಹೇಳುತ್ತೇನೆ. 1853ರಲ್ಲಿ ಬಂದು ದಶಕಗಳ ಕಾಲ ಶಬ್ದಗಳನ್ನು ಕೂಡಿಟ್ಟ ಅವರು 1877ರಲ್ಲಿ ಆರೋಗ್ಯ ಕೆಟ್ಟು ಊರಿಗೆ ಹೋದರು. ಐವತ್ತು ದಾಟಿದ ಮೇಲೆ, 1883ರಲ್ಲಿ, ನಿಘಂಟು ಮುಗಿಸಲೆಂದೇ ಮತ್ತೆ ಬಂದರು. ಸುಮಾರು ಎಪ್ಪತ್ತು ಸಾವಿರ ಶಬ್ದಗಳ ಆ ಗ್ರಂಥ 1894ರಲ್ಲಿ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಂತು. ಕಣ್ಣು ಮಂಜಾಗುವ ವಯಸ್ಸಿನಲ್ಲಿ ಹಿಂದಿರುಗಿ ಬಂದು ಅಕಾರದಿಂದ ಳಕಾರದವರೆಗೆ ಕುಳಿತದ್ದೂ ಒಂದು ಬಗೆಯ ವಿಶ್ವಾಸದ ಜೀವನವೇ. ಅದಕ್ಕೆ ಪ್ರಸಂಗವೇದಿಕೆ ಬೇಕಾಗಲಿಲ್ಲ.

ಮಿಶನರಿಗಳ ಪತ್ರಗಳು ಬಾಸೆಲ್ಲಿನ ದಾಖಲೆ ಸಂಗ್ರಹದಲ್ಲಿ ಭದ್ರವಾಗಿವೆ. ಇಲ್ಲಿ ಕಲಿತ ನಮ್ಮವರ ಪತ್ರಗಳು ಎಲ್ಲಿವೆ? ಸೆಮಿನರಿಯಿಂದ ಹೊರಬಿದ್ದ ಉಪದೇಶಿಯನ್ನು ಊಹಿಸಿಕೊಳ್ಳಿ. ಕಾಲ್ನಡಿಗೆಯಲ್ಲಿ ಹಳ್ಳಿಯಿಂದ ಹಳ್ಳಿಗೆ, ತಲೆಯ ಮೇಲೆ ಮಳೆ, ಚೀಲದಲ್ಲಿ ಪುಸ್ತಕ. ಸಂತೆಯಲ್ಲಿ ನಿಂತು ಮಾತಾಡಿದರೆ ಕೇಳುವವರಿಗಿಂತ ಗೇಲಿ ಮಾಡುವವರು ಹೆಚ್ಚು. ಹೆಂಡತಿ ಮಕ್ಕಳು ಮಿಶನ್ ಕಾಂಪೌಂಡಿನ ಒಂದು ಕೋಣೆಯಲ್ಲಿ. ವರ್ಗಾವಣೆಯ ಕಾಗದ ಬಂದರೆ ಮತ್ತೆ ಗಂಟುಮೂಟೆ ಕಟ್ಟಬೇಕು. ಈ ಜನರ ಹೆಸರುಗಳು ಸಭೆಯ ಹಳೆಯ ರಿಜಿಸ್ಟರುಗಳಲ್ಲಿ, ಸ್ಮಶಾನದ ಕಲ್ಲುಗಳಲ್ಲಿ ಮಾತ್ರ ಉಳಿದಿವೆ.

ಇವರಲ್ಲಿ ನಾಡಿಗೆಲ್ಲ ಗೊತ್ತಾದವರು ಉತ್ತಂಗಿ ಚನ್ನಪ್ಪನವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಈ ಗುಡ್ಡದ ಸೆಮಿನರಿಯಲ್ಲಿ ದೇವಜ್ಞಾನ ಓದಿ ಪಾದ್ರಿಯಾದವರು. ಬಯಲುಸೀಮೆಯ ಹುಡುಗನಿಗೆ ಕರಾವಳಿಯ ಕುಚ್ಚಲಕ್ಕಿ ಗಂಜಿ, ತುಳುವಿನ ನಡುವೆ ಕನ್ನಡ ಹುಡುಕುವ ಪಾಡು ಎಲ್ಲ ಇದ್ದೇ ಇದ್ದಿರಬೇಕು; ಇಂದಿಗೂ ಹುಬ್ಬಳ್ಳಿ ಗದಗ ಕಡೆಯಿಂದ ಬರುವ ಹುಡುಗರಿಗೆ ಮೊದಲ ವರ್ಷ ಹಾಗೇ. ಸಭಾಪಾಲಕರಾಗಿ ಹಳ್ಳಿ ಸುತ್ತುವಾಗ ಜನರ ಬಾಯಲ್ಲಿದ್ದ ತ್ರಿಪದಿಗಳಿಗೆ ಅವರು ಕಿವಿಗೊಟ್ಟರು. ವರ್ಷಗಟ್ಟಲೆ ಊರೂರಿನಿಂದ ಕೂಡಿಸಿ 1924ರಲ್ಲಿ ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. 'ತಿರುಳ್ಗನ್ನಡದ ತಿರುಕ' ಎಂದು ಕರೆಸಿಕೊಂಡರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಪಾದ್ರಿಗೇಕೆ ಸರ್ವಜ್ಞ, ಪಾದ್ರಿಗೇಕೆ ಶರಣರ ಅನುಭವ ಮಂಟಪ ಎಂದು ಸಭೆಯ ಒಳಗಿನವರೂ ಹೊರಗಿನವರೂ ಮುಖ ಸಿಂಡರಿಸಿದಾಗಲೂ ಅವರು ಸಭೆಯನ್ನೂ ಬಿಡಲಿಲ್ಲ, ಸರ್ವಜ್ಞನನ್ನೂ ಬಿಡಲಿಲ್ಲ. ದೇವರನ್ನು ನಂಬಿದವನಿಗೆ ನೆರೆಯವನ ನುಡಿಗೆ ಅಂಜಬೇಕಾಗಿಲ್ಲ ಎಂಬ ಧೈರ್ಯ ಅವರದು. ಬಲ್ಮಠ ಕನ್ನಡಕ್ಕೆ ಕೊಟ್ಟವರಲ್ಲಿ ನಾನು ಮೊದಲ ಸ್ಥಾನ ಕೊಡುವುದು ಕಿಟೆಲ್ಲರಿಗಲ್ಲ, ಇವರಿಗೆ.

1914ರ ಆಗಸ್ಟಿನಲ್ಲಿ ಯುದ್ಧ ಹತ್ತಿಕೊಂಡಿತು. ಮಿಶನ್ನಿನ ಕಚೇರಿ ಸ್ವಿಟ್ಜರ್‌ಲೆಂಡಿನಲ್ಲಿದ್ದರೂ ಇಲ್ಲಿದ್ದವರಲ್ಲಿ ಬಹುಪಾಲು ಜರ್ಮನರು, ಹಾಗಾಗಿ ಸರಕಾರದ ಕಣ್ಣಿನಲ್ಲಿ ಶತ್ರುಗಳು. ಅವರನ್ನು ಅಹಮದ್‌ನಗರದ ಶಿಬಿರಕ್ಕೆ ಹಾಕಿದರು, ಆಮೇಲೆ ಹಡಗು ಹತ್ತಿಸಿದರು. ಹಂಚಿನ ಕಾರ್ಖಾನೆ, ಮಗ್ಗಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಯ ಪಾಲಾದವು. ಅವು ಮತ್ತೆ ಮಿಶನ್ನಿಗೆ ಬರಲೇ ಇಲ್ಲ. ಎಂಬತ್ತು ವರ್ಷ ಯೂರೋಪಿನ ಕಡೆ ಮುಖ ಮಾಡಿ ನಿಂತಿದ್ದ ಸಭೆಗೆ ಆಗ ಆಧಾರ ತಪ್ಪಿತು. ಸಂಬಳ ಕೊಡುವವರಿಲ್ಲ, ಸಲಹೆ ಹೇಳುವವರಿಲ್ಲ. ಆದರೆ ಭಾನುವಾರದ ಗಂಟೆ ನಿಲ್ಲಲಿಲ್ಲ. ನಿಲ್ಲಿಸದೆ ಹೊಡೆದವರು ಸೆಮಿನರಿಯಲ್ಲಿ ತಯಾರಾದ ದೇಶೀಯ ಪಾದ್ರಿಗಳು, ಉಪದೇಶಿಗಳು. ಇವರ ಕೈಗೆ ಸಭೆ ಒಪ್ಪಿಸಬಹುದೇ ಎಂದು ದಶಕಗಳ ಕಾಲ ಅಳೆದು ಸುರಿದು ನೋಡುತ್ತಿದ್ದವರಿಗೆ ಯುದ್ಧವೇ ಉತ್ತರ ಕೊಟ್ಟಿತು. ಇಪ್ಪತ್ತರ ದಶಕದ ನಡುಭಾಗದ ಬಳಿಕ ಬಾಸೆಲ್ಲಿನವರು ಮರಳಿದರು. 1939ರಲ್ಲಿ ಮತ್ತೆ ಯುದ್ಧ, ಜರ್ಮನರಿಗೆ ಮತ್ತೆ ಶಿಬಿರ, ಕೊನೆಗೆ ಡೆಹ್ರಾಡೂನಿನಲ್ಲಿ. ಎರಡನೆಯ ಸಲ ಸಭೆ ಅಷ್ಟು ಗಾಬರಿಯಾಗಲಿಲ್ಲ. ಒಮ್ಮೆ ಕೈಬಿಟ್ಟಾಗ ನಿಂತವರಿಗೆ ಇನ್ನೊಮ್ಮೆ ನಿಲ್ಲುವ ರೂಢಿ ಇರುತ್ತದೆ.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ದಕ್ಷಿಣ ಕನ್ನಡದ ಬಾಸೆಲ್ ಸಭೆಗಳು ಅದರಲ್ಲಿ ಸೇರಿದವು. ಉತ್ತರದ ಧಾರವಾಡ ಹುಬ್ಬಳ್ಳಿ ಕಡೆಯವು ಸೇರಲು 1968ರವರೆಗೆ ಕಾಯಬೇಕಾಯಿತು. ಅದೇ 1947ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ತರುಣ ಸ್ಟ್ಯಾನ್ಲಿ ಸಮರ್ಥ ಸೆಮಿನರಿಗೆ ಬೋಧಕರಾಗಿ ಬಂದರು, 1952ರಲ್ಲಿ ಪ್ರಾಂಶುಪಾಲರಾದರು. ನೂರು ವರ್ಷ ದಾಟಿದ ಸಂಸ್ಥೆಗೆ ಮೊದಲ ಭಾರತೀಯ ಮುಖ್ಯಸ್ಥ! 1960ರಲ್ಲಿ ಅವರು ಬೆಂಗಳೂರಿಗೆ ಹೋದರು, ಮುಂದೆ ಶ್ರೀರಾಂಪುರ ಕಾಲೇಜಿನ ಪ್ರಾಂಶುಪಾಲರಾದರು, ಅಲ್ಲಿಂದ ಜಿನೇವಾದ ಸಭೆಗಳ ಜಾಗತಿಕ ಮಂಡಳಿಯಲ್ಲಿ ಅನ್ಯಧರ್ಮೀಯರೊಂದಿಗಿನ ಸಂವಾದ ವಿಭಾಗದ ಮೊದಲ ನಿರ್ದೇಶಕರಾದರು. ಜಗತ್ತು ಅವರನ್ನು ಸಂವಾದದ ದೇವಜ್ಞಾನಿ ಎಂದು ಓದುತ್ತದೆ. ಜಿನೇವಾದಲ್ಲಿ ಆಡಿದ ಮಾತಿನ ಬೇರು ದೇವಸ್ಥಾನ, ಬಸದಿ, ದೈವದ ಕೋಲ, ಮಸೀದಿ, ಇಗರ್ಜಿಗಳ ನಡುವೆ ಬೆಳೆದ ಕಾರ್ಕಳ ಮಂಗಳೂರುಗಳಲ್ಲಿದೆ ಎಂದು ನಾವು ಹೇಳಿಕೊಳ್ಳಬಹುದು. ಉತ್ತಂಗಿಯವರಿಂದ ಸಮರ್ಥರವರೆಗೆ ಒಂದು ಗೆರೆ ಎಳೆಯಲು ಬರುತ್ತದೆ. ನಮ್ಮ ಕಾಲೇಜಿನ ನಿಜವಾದ ಪರಂಪರೆ ಆ ಗೆರೆಯೇ ಎಂದು ನಾನು ನಂಬಿದ್ದೇನೆ.

1965ರಲ್ಲಿ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ ಬಲ್ಮಠದ ಸೆಮಿನರಿಯೂ ಒಂದಾಗಿ ಕರ್ನಾಟಕ ಥಿಯಲಾಜಿಕಲ್ ಕಾಲೇಜು ಆಯಿತು. ಎರಡು ಬಡ ಮನೆಗಳು ಕೂಡಿ ಒಂದೇ ಒಲೆ ಹೂಡಿದಂತೆ. ಕೂಡುವಾಗ ಎರಡೂ ಕಡೆ ಅನುಮಾನಗಳಿರುತ್ತವೆ: ಇವರ ಆರಾಧನಾ ಕ್ರಮ ಬೇರೆ, ಅವರ ಸಂಗೀತ ಬೇರೆ, ಒಬ್ಬರದು ಜರ್ಮನ್ ರಾಗ, ಇನ್ನೊಬ್ಬರದು ಇಂಗ್ಲಿಷ್ ರಾಗ. ಪದವಿ ಮಾತ್ರ ಶ್ರೀರಾಂಪುರ ಸೆನೆಟ್ಟಿನದು. 1812ರ ಮಾರ್ಚ್ 11ರಂದು ಅದೇ ಶ್ರೀರಾಂಪುರದ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಮಿಶನರಿ ವಿಲಿಯಂ ಕೇರಿಯವರ ಹಸ್ತಪ್ರತಿಗಳು ಸುಟ್ಟಾಗ ಅವುಗಳಲ್ಲಿ ಕನ್ನಡದವೂ ಇದ್ದವು. ಐದು ವರ್ಷದಲ್ಲಿ, 1817ಕ್ಕೆ, ಕೇರಿಯವರ ಕನ್ನಡ ವ್ಯಾಕರಣ ಹೊರಬಂತು. ಹೀಗೆ ಸುಟ್ಟದ್ದನ್ನು ಮತ್ತೆ ಬರೆಯುವ ಜಾಯಮಾನ ನಮ್ಮ ಪದವಿಪತ್ರದ ಮೂಲದಲ್ಲೇ ಇದೆ.

ಆನಂತರದ ದಶಕಗಳ ಕತೆಯನ್ನು ಈ ಸಂಚಿಕೆಯ ಬೇರೆ ಲೇಖನಗಳು ಹೇಳುತ್ತವೆ. ದಿನಚರಿಯ ಮಾತೊಂದಿದೆ, ಅದನ್ನು ಮಾತ್ರ ಸೇರಿಸುತ್ತೇನೆ. ಇಲ್ಲಿಗೆ ಬರುವವರು ಹೆಚ್ಚಾಗಿ ಸ್ಥಿತಿವಂತರ ಮಕ್ಕಳಲ್ಲ. ಕೊಳ್ಳೇಗಾಲ, ಗದಗ, ಬೀದರ, ಉಡುಪಿ, ಕೊಡಗು ಎಲ್ಲಿಂದಲೋ ಬರುತ್ತಾರೆ. ಒಬ್ಬೊಬ್ಬರ ಕನ್ನಡ ಒಂದೊಂದು ಬಗೆ. 'ಕರೆ ಬಂತು' ಎಂದು ಹೇಳಿ ಬಂದವರಿಗೆ ಗ್ರೀಕ್ ವ್ಯಾಕರಣದ ಮುಂದೆ ಕುಳಿತಾಗ ಆ ಕರೆಯ ಬಗ್ಗೆಯೇ ಅನುಮಾನ ಹುಟ್ಟುತ್ತದೆ. ಊರಿನಲ್ಲಿ ತಾಯಿಗೆ ಕಾಯಿಲೆ, ತಂಗಿಯ ಮದುವೆ, ಹಾಸ್ಟೆಲ್ ಬಾಕಿ. ಸತ್ಯವೇದದ ವಿಮರ್ಶೆಯ ಪಾಠ ಕೇಳಿದ ಹೊಸತರಲ್ಲಿ ಅಜ್ಜಿ ಕಲಿಸಿದ ಭಕ್ತಿಯೇ ಅಲ್ಲಾಡಿದಂತಾಗಿ ನಿದ್ದೆಗೆಡುವವರಿದ್ದಾರೆ. ಮಗಳು ಪಾದ್ರಿಯಾಗುತ್ತಾಳಂತೆ ಎಂದು ಊರವರು ನಕ್ಕಾಗ ತಡೆದುಕೊಂಡ ಹೆಣ್ಣುಮಕ್ಕಳಿದ್ದಾರೆ. ಬೆಳಿಗ್ಗೆ ಚಾಪೆಲಿನಲ್ಲಿ ಹಾಡುವ ಗೀತೆಗೂ ಮಧ್ಯಾಹ್ನದ ಮೆಸ್ ಲೆಕ್ಕಕ್ಕೂ ನಡುವೆ ಅವರ ದಿನ ಹೋಗುತ್ತದೆ. ಪವಾಡದ ಸಾಕ್ಷಿ ಕೇಳಲು ಬಂದವರಿಗೆ ಈ ಕಾಲೇಜಿನಲ್ಲಿ ಹೆಚ್ಚೇನೂ ಸಿಗದು. ಸಿಗುವುದು ಸಣ್ಣ ಸಂಗತಿಗಳು: ಯಾವುದೋ ಸಭೆಯ ಸ್ತ್ರೀಯರ ಅನ್ಯೋನ್ಯ ಕೂಟದವರು ಹೇಳದೆ ಕೇಳದೆ ಒಬ್ಬನ ಫೀಸು ಕಟ್ಟುವುದು, ಪಾಠ ತಲೆಗೆ ಹತ್ತದವನನ್ನು ಮೇಷ್ಟರು ರಾತ್ರಿ ಮನೆಗೆ ಕರೆದು ಕೂಡಿಸಿಕೊಳ್ಳುವುದು, ಬಿಟ್ಟುಹೋಗುತ್ತೇನೆಂದು ಪೆಟ್ಟಿಗೆ ಕಟ್ಟಿದವನ ಹಾಸಿಗೆಯ ಪಕ್ಕ ಗೆಳೆಯ ಬೆಳತನಕ ಕುಳಿತಿರುವುದು. ಮಾಡಿದ ಪ್ರಾರ್ಥನೆಗೆಲ್ಲ ಉತ್ತರ ಬಂತು ಎಂದೂ ನಾನು ಬರೆಯಲಾರೆ. ಪೆಟ್ಟಿಗೆ ಕಟ್ಟಿದವರಲ್ಲಿ ಕೆಲವರು ಹೋಗಿಯೇಬಿಟ್ಟರು. ಅವರೂ ಈ ಸಂಸ್ಥೆಯ ಇತಿಹಾಸದವರೇ. ಅವರನ್ನು ಸೋತವರ ಪಟ್ಟಿಗೆ ಸೇರಿಸುವ ಹಕ್ಕು ನಮಗಿಲ್ಲ.

ಹಳೆಯ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ಒಂದು ವಿನಂತಿ. ಕಾಲೇಜಿನ ಆವರಣದಲ್ಲಿ ಹಳೆಯ ಪುಸ್ತಕಗಳೂ ಮಿಶನ್ ಕಾಲದ ಕಾಗದಪತ್ರಗಳೂ ಇರುವ ದಾಖಲೆ ಸಂಗ್ರಹವಿದೆ. ಅದರಲ್ಲಿ ಮಿಶನರಿಗಳ ದನಿ ಹೆಚ್ಚು, ನಮ್ಮವರ ದನಿ ಕಡಿಮೆ. ನಿಮ್ಮ ಅಜ್ಜ ಉಪದೇಶಿಯಾಗಿದ್ದರೆ, ತಂದೆ ಸಭಾಪಾಲಕರಾಗಿದ್ದರೆ, ತಾಯಿ ಬೈಬಲ್ ಸ್ತ್ರೀಯಾಗಿ ಮನೆಮನೆ ತಿರುಗಿದ್ದರೆ, ಅಟ್ಟದ ಮೇಲಿನ ಪೆಟ್ಟಿಗೆಯನ್ನು ಒಮ್ಮೆ ಇಳಿಸಿ ನೋಡಿ. ದಿನಚರಿ, ಪ್ರಸಂಗದ ಟಿಪ್ಪಣಿ, ವರ್ಗಾವಣೆಯ ಕಾಗದ, ಸಾಲದ ಚೀಟಿ, ಹಾಸ್ಟೆಲಿನ ಖರ್ಚಿನ ಪುಸ್ತಕ ಯಾವುದಿದ್ದರೂ ಗೆದ್ದಲಿಗೆ ಕೊಡಬೇಡಿ, ಗುಜರಿಗೆ ಹಾಕಬೇಡಿ. ಮೂಲವನ್ನು ಕೊಡಲು ಮನಸ್ಸಾಗದಿದ್ದರೆ ಪ್ರತಿ ಮಾಡಿಸಿಕೊಂಡು ಹಿಂದಿರುಗಿಸುವಂತೆ ಕೇಳಿ, ಆದರೆ ಬಲ್ಮಠಕ್ಕೆ ತಲುಪಿಸಿ. ಮುಂದಿನ ಸ್ಮರಣ ಸಂಚಿಕೆಯ ಇತಿಹಾಸವನ್ನು ಆ ಕಾಗದಗಳಿಂದ ಬರೆಯಬೇಕಾಗಿದೆ.